ಆಸ್ತಿಪತಿ ಬಾಯಾರ ನಾಲ್ಕು ಊರು

ಮಂದಿಯ ಬೆನ್ನು, ಕುತ್ತಿಗೆ, ಮೊಣಕಾಲುಗಳ ಜೊತೆ ದಿನ ಕಳೆಯುವವರಿಗೆ, ನಗಬಾರದ ಹೊತ್ತಿನಲ್ಲೇ ನಗು ಬರುವ ಪ್ರಸಂಗ ವಾರಕ್ಕೊಂದಾದರೂ ಎದುರಾಗುತ್ತದೆ. ಎದುರಿಗೆ ಮನುಷ್ಯ ನರಳುತ್ತಿರುತ್ತಾನೆ, ನಾವು ಗೋಡೆಯ ಕಡೆ ಮುಖ ಮಾಡಿ ಕೆಮ್ಮಿದಂತೆ ನಟಿಸಬೇಕಾಗುತ್ತದೆ. ನನಗೆ ಈ ಕೆಮ್ಮು ಇಪ್ಪತ್ತು ವರ್ಷದಿಂದ ಇದೆ.

ನಾನು ಕಲಿತದ್ದು ಆಸ್ಟಿಯೋಪತಿ. ಪುಣೆಯಲ್ಲಿ ಒಬ್ಬ ಹಿರಿಯ ವೈದ್ಯರ ಕೈಕೆಳಗೆ ನಾಲ್ಕು ವರ್ಷ ಕಲಿತೆ. ಗುಳಿಗೆ ಇಲ್ಲ, ಸೂಜಿ ಇಲ್ಲ. ಎಲುಬು, ಕೀಲು, ಸ್ನಾಯುಗಳನ್ನು ಬರೀ ಕೈಯಿಂದ ಒತ್ತಿ, ಎಳೆದು, ಹೊರಳಿಸಿ ಸರಿ ಮಾಡುವ ವಿದ್ಯೆ. ತೊಂಬತ್ತರ ದಶಕದ ನಡುವಿನಲ್ಲಿ ನಮ್ಮ ಯಜಮಾನರಿಗೆ ಬಸವನ ಬಾಗೇವಾಡಿಗೆ ವರ್ಗವಾಯಿತು. ನಾನೂ ಗಂಟು ಕಟ್ಟಿಕೊಂಡು ಬಂದೆ. ಒಂದೇ ಊರಿನ ಬೆನ್ನುಗಳು ನನಗೆ ಸಾಲವು ಅನ್ನಿಸಿ, ಸೋಮವಾರ ಇಂಡಿ, ಮಂಗಳವಾರ ಸಿಂದಗಿ, ಗುರುವಾರ ಮುದ್ದೇಬಿಹಾಳ, ಶನಿವಾರ ಬಾಗೇವಾಡಿ ಎಂದು ನಾಲ್ಕು ಕಡೆ ಒಂದೊಂದು ಖೋಲಿ ಹಿಡಿದೆ. ಬಸ್ಸಿನಲ್ಲಿ ಓಡಾಟ. ಆ ಕಾಲದ ಆ ರಸ್ತೆಗಳಲ್ಲಿ ಬಸ್ಸಿನಿಂದ ಇಳಿಯುವ ಹೊತ್ತಿಗೆ ನನ್ನ ಸೊಂಟವೇ ಮೊದಲ ಪೇಶಂಟ್ ಆಗಿರುತ್ತಿತ್ತು.

ನಾನು ಐದಡಿಯೂ ಇಲ್ಲದ ಹೆಂಗಸು. ನಮ್ಮ ಕಡೆ ಹೆಣ್ಣು ಡಾಕ್ಟರಿಗೂ ಸಾಲಿ ಟೀಚರಿಗೂ ಬಾಯಾರು ಎನ್ನುವುದು ರೂಢಿ. ನನಗೂ ಅದೇ ಹೆಸರು ಬಿತ್ತು.

ಬೋರ್ಡು

ಇಂಡಿಯಲ್ಲಿ ಖೋಲಿ ಸಿಕ್ಕ ಮೇಲೆ ಬೋರ್ಡು ಬರೆಯುವ ಪೇಂಟರನಿಗೆ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ: ಆಸ್ಟಿಯೋಪತಿ. ಕೆಳಗೆ ಒಂದು ಸಾಲು: ಎಲ್ಲ ಬಗೆಯ ತೊಂದರೆಗಳನ್ನು ಕೈಯಿಂದಲೇ ಸರಿಪಡಿಸಲಾಗುವುದು.

ಮುಂದಿನ ಸೋಮವಾರ ಹೋದಾಗ ಬೋರ್ಡು ಆಗಲೇ ಗೋಡೆಯ ಮೇಲಿತ್ತು. ಕೆಂಪು ಬಣ್ಣ, ಹಳದಿ ಅಂಚು, ಎರಡೂ ಕಡೆ ಒಂದೊಂದು ಕಮಲ. ನಡುವೆ: ಆಸ್ತಿಪತಿ.

"ಇದೇನ್ರಿ ಹಿಂಗ ಬರದೀರಿ?" ಎಂದು ಕೇಳಿದೆ.

"ಬಾಯಾರ, ನಿಮ್ಮ ಚೀಟಿನ್ಯಾಗ ತಪ್ಪಿತ್ತು. ನಾ ತಿದ್ದೇನಿ," ಎಂದ ಆತ, ಉಪಕಾರ ಮಾಡಿದವನ ಧಾಟಿಯಲ್ಲಿ.

ಮತ್ತೆ ಬರೆಸೋಣ ಎಂದು ನಾನು ಯೋಚಿಸುತ್ತಿರುವಾಗಲೇ ಇಬ್ಬರು ಅಣ್ಣತಮ್ಮಂದಿರು ಒಳಗೆ ಬಂದರು. ಅಣ್ಣನ ಕಂಕುಳಲ್ಲಿ ಬಟ್ಟೆಯ ಗಂಟು. ಮೊದಲ ಗಿರಾಕಿಗಳು ಎಂಬ ಸಂಭ್ರಮದಲ್ಲಿ ನಾನು ವಹಿ ತೆರೆದು ಪೆನ್ನು ಹಿಡಿದೆ.

"ಎಲ್ಲಿ ತ್ರಾಸ ಐತ್ರಿ?"

"ಮೂಡಣ ಮಗ್ಗಲಕ್ಕರಿ," ಎಂದ ಅಣ್ಣ.

ಹಳ್ಳಿಯವರು ದಿಕ್ಕಿನ ಲೆಕ್ಕದಲ್ಲೇ ಮಾತಾಡುವುದು ನನಗೆ ಗೊತ್ತಿತ್ತು. ಆತ ಉತ್ತರಕ್ಕೆ ಮುಖ ಮಾಡಿ ಕೂತಿದ್ದ. ಬಲ ಮಗ್ಗುಲು ಎಂದು ಬರೆದುಕೊಂಡೆ.

"ಎಷ್ಟ ದಿನದಿಂದ ಐತಿ?"

"ಅಪ್ಪ ಹ್ವಾದಾಗಿಂದ."

ದುಃಖದಿಂದಲೂ ಮೈ ಹಿಡಿದುಕೊಳ್ಳುತ್ತದೆ. ಅದನ್ನೂ ಬರೆದುಕೊಂಡೆ.

"ಇದ್ದಲ್ಲೇ ಇರತೈತೋ, ಸರದಾಡತೈತೋ?"

"ವರ್ಸಾ ಒಂದೊಂದು ಮಾರು ಸರಿಯಾಕತ್ತೈತ್ರಿ. ಇಂವನ ಒತ್ತಾಕತ್ತಾನ," ಎಂದು ತಮ್ಮನ ಕಡೆ ಬೆರಳು ತೋರಿಸಿದ.

ತಮ್ಮ ಅಣ್ಣನ ಸೇವೆ ಮಾಡುತ್ತಿದ್ದಾನೆ ಎಂದುಕೊಂಡು ನನಗೆ ಖುಷಿಯಾಯಿತು. "ಒತ್ತಿದಾಗ ನೋವು ಆಗತೈತೇನ್ರಿ?"

"ಒತ್ತಿದ್ರ ನೋವು ಆಗಲಾರದ ಏನ್ರಿ ಬಾಯಾರ? ನಮ್ಮಪ್ಪ ಬೆವರು ಸುರಿಸಿದ ಹೊಲ ಅದು."

ಗಂಟು ಬಿಚ್ಚಿದರು. ಒಳಗೆ ಹೊಲದ ಉತಾರ ಪತ್ರಗಳು, ಸರ್ವೆ ನಕಾಶೆ, ಅಪ್ಪನ ಹೆಬ್ಬೆಟ್ಟಿನ ಒಂದು ಹಳೇ ಕಾಗದ. ಆಸ್ತಿಪತಿ ಎಂಬ ಹೊಸ ಸರಕಾರಿ ಆಫೀಸು ಬಂದಿದೆ, ಕೋರ್ಟಿಗೆ ಹೋಗದೆ ಕೈಯಿಂದಲೇ ಆಸ್ತಿ ಸರಿ ಮಾಡಿ ಕೊಡುತ್ತಾರೆ ಎಂದು ಊರಲ್ಲಿ ಸುದ್ದಿಯಾಗಿತ್ತಂತೆ.

ನಾನು ಮಾಡುವುದು ಎಲುಬಿನ ಕೆಲಸ ಎಂದು ತಿಳಿಸಿ ಹೇಳುವಷ್ಟರಲ್ಲಿ ಅರ್ಧ ತಾಸು ಹೋಯಿತು. ಅಣ್ಣ ನಕಾಶೆ ಮಡಚಿಟ್ಟು, "ಇರ್ಲಿ ಬಿಡ್ರಿ. ಹೆಂಗೂ ಬಂದೇವಿ, ನಂದೊಂದು ಮೊಣಕಾಲು ನೋಡ್ರಿ," ಎಂದು ಮೇಜಿನ ಮೇಲೆ ಮಲಗಿದ. ಅವನ ಮೊಣಕಾಲಿಗೆ ಕಾಲು ತಾಸು ಕೆಲಸ ಮಾಡಿ ಕೆಳಗಿಳಿಸಿದೆ. ಕೂಡಲೇ ತಮ್ಮ ಪಂಚೆ ಮೇಲೆತ್ತಿ ಮೇಜು ಹತ್ತಿದ.

"ನಿಮಗೆಲ್ಲಿ ನೋವೈತಿ?"

"ನನಗ ನೋವಿಲ್ರಿ. ಖರೆ ಅಂವನ ಮೊಣಕಾಲಿಗೆ ಎಷ್ಟ ಹೊತ್ತು ಕೊಟ್ರಿ, ನನ್ನ ಮೊಣಕಾಲಿಗೂ ಅಷ್ಟ ಕೊಡ್ರಿ. ಪಾಲಂದ್ರ ಪಾಲು."

ಬಿದ್ದವರು

ನಮ್ಮ ಚಿಕಿತ್ಸೆಯಲ್ಲಿ ಕೈ ಹಚ್ಚುವ ಮೊದಲು ಬಾಯಿಗೇ ಹೆಚ್ಚು ಕೆಲಸ. ಇಪ್ಪತ್ತು ವರ್ಷದ ಹಿಂದೆ ಸೈಕಲ್ಲಿನಿಂದ ಬಿದ್ದದ್ದು ಇವತ್ತಿನ ತಲೆನೋವಿಗೆ ಕಾರಣವಾಗಿರಬಹುದು. ಹಾಗಾಗಿ ಬಂದವರಿಗೆಲ್ಲ ನಾನು ತಪ್ಪದೆ ಕೇಳುವ ಪ್ರಶ್ನೆ, ಹಿಂದೆ ಯಾವಾಗಾದರೂ ಬಿದ್ದಿದ್ದೀರಾ ಎಂಬುದು.

ಮುದ್ದೇಬಿಹಾಳದಲ್ಲಿ ಒಮ್ಮೆ ಖಾದಿ ಅಂಗಿಯ ಹಿರಿಯರೊಬ್ಬರು ಸೊಂಟ ಹಿಡಿದುಕೊಂಡು ಬಂದರು. ಪ್ರಶ್ನೆ ಕೇಳಿದೆ.

"ಮೂರು ಸಲ ಬಿದ್ದೇನ್ರಿ," ಎಂದರು, ದೊಡ್ಡ ನಿಟ್ಟುಸಿರು ಬಿಟ್ಟು.

"ಎಲ್ಲಿ ಬಿದ್ರಿ?"

"ಎರಡು ಸಲ ಏಳನೇ ವಾರ್ಡಿನ್ಯಾಗ, ಒಮ್ಮೆ ಹನ್ನೊಂದನೇ ವಾರ್ಡಿನ್ಯಾಗ."

ಪಾಪ, ಆಸ್ಪತ್ರೆ ಸೇರಿದಾಗಲೆಲ್ಲ ಮಂಚದಿಂದ ಬಿದ್ದಿದ್ದಾರೆ ಎಂದುಕೊಂಡೆ. "ವಾರ್ಡಿನಾಗ ನಿಮ್ಮನ್ನ ನೋಡ್ಕೊಳ್ಳಾಕ ಮನಿ ಮಂದಿ ಯಾರೂ ಇರಲಿಲ್ಲೇನ್ರಿ?"

"ಇದ್ರು. ಅವರ ಅಲ್ಲೇನ್ರಿ ಕೆಡವಿದ್ದು. ನನ್ನ ಸ್ವಂತ ಅಳಿಯ ಹಿಂದ ನಿಂತು ಕೆಡವಿದ."

ಪೆನ್ನು ನಿಂತಿತು. ಇದು ಪೊಲೀಸರಿಗೆ ಹೇಳುವ ವಿಷಯವೇನೋ ಎಂದು ಹೆದರಿ, ಮೆಲ್ಲಗೆ ಕೇಳಿದೆ: "ಪೆಟ್ಟು ಬಾಳ ಆಗಿತ್ತೇನು?"

"ಮೊದಲೆರಡು ಸಲ ಬಾಳ ಆಗಿತ್ರಿ, ಡಿಪಾಜಿಟ್ಟ ಹೋತು. ಮೂರನೇ ಸಲ ಅಷ್ಟೇನಿಲ್ಲ. ಬರೀ ನಾಕ ಓಟಿನಿಂದ ಬಿದ್ದೆ."

ಬರೆದದ್ದನ್ನೆಲ್ಲ ಹೊಡೆದು ಹಾಕಿ, ಮತ್ತೊಮ್ಮೆ ಬಿಡಿಸಿ ಕೇಳಿದೆ. ಚುನಾವಣೆಯ ಮಾತಲ್ಲ, ಮೈಗೆ ಪೆಟ್ಟಾಗುವಂತೆ ನೆಲದ ಮೇಲೆ ಬಿದ್ದದ್ದು ಉಂಟೇ?

"ಹಂಗ ಬಿದ್ದದ್ದು ಒಮ್ಮೆರಿ. ನಾಕನೇ ಸಲ ಆರಿಸಿ ಬಂದ್ನೆಲ್ಲ, ಅವತ್ತ ಮಂದಿ ಹೆಗಲ ಮ್ಯಾಲ ಹೊತಗೊಂಡು ಕುಣ್ಯಾಕತ್ತಿದ್ರು. ಕೈ ಬಿಟ್ರು."

ಬದಲಿ ಮೈ

ಸಿಂದಗಿಯ ಖೋಲಿಗೆ ಮೋರಟಗಿಯಿಂದ ಒಬ್ಬ ಯಜಮಾನರು ಬಂದರು. ದೊಡ್ಡ ರುಮಾಲು, ಕೈಯಲ್ಲಿ ಬೆಳ್ಳಿ ಕಟ್ಟಿನ ಬಡಿಗೆ, ಹಿಂದೆ ಹೆಂಡತಿ. ಬೆನ್ನು ಹಿಡಿದು ಆರು ತಿಂಗಳಾಗಿತ್ತು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು.

"ಅಂಗಿ ತಗದು ಬೋರಲ ಮಲಗ್ರಿ," ಎಂದೆ.

ಅವರು ಬಡಿಗೆಯನ್ನು ನೆಲಕ್ಕೆ ಕುಟ್ಟಿದರು. "ಬಾಯಾರ, ತಪ್ಪು ತಿಳೀಬ್ಯಾಡ್ರಿ. ಪರ ಹೆಣಮಗಳ ಕೈ ನನ್ನ ಮೈಗೆ ಹತ್ತೂದು ನಡಿಯೂದಿಲ್ಲ. ಅದಕ್ಕ ಇಕೀನ ಕರಕೊಂಡ ಬಂದೇನಿ. ನನ್ನ ನೋವು ಎಲ್ಲೆಲ್ಲಿ ಐತಿ ಅಂತ ಇಕಿ ಡುಬ್ಬದ ಮ್ಯಾಲ ತೋರಸ್ತೇನಿ. ನೀವು ಇಕಿಗೆ ಮಾಡ್ರಿ."

"ಹಂಗ ಮಾಡಿದ್ರ ನಿಮಗೆ ಹೆಂಗ ಆರಾಮ ಆಗತೈತ್ರಿ ಯಜಮಾನ್ರ?"

"ಯಾಕ ಆಗೂದಿಲ್ಲ? ಮೂವತ್ತೈದು ವರ್ಸ ನನ್ನ ಉಪಾಸ ಎಲ್ಲಾ ಇಕಿನ ಮಾಡ್ಯಾಳ. ಪುಣ್ಯೆ ನನಗ ಹತ್ತಿಲ್ಲೇನು?"

ಆಕೆಯ ಮುಖ ನೋಡಿದೆ. ಆಕೆ ಆಗಲೇ ಚಪ್ಪಲಿ ಬಿಟ್ಟು ಮೇಜಿನ ಮೇಲೆ ಮಲಗಿ ಕಣ್ಣು ಮುಚ್ಚಿದ್ದಳು.

ಯಜಮಾನರು ಬಡಿಗೆಯ ತುದಿಯಿಂದ ತೋರಿಸುತ್ತಾ ಹೋದರು. "ಇಲ್ಲಿ ಐತಿ. ಇಲ್ಲಿಂದ ಹೀಂಗ ಇಳಿದು ಟೊಂಕಕ್ಕ ಬರತೈತಿ." ನಾನು ಅಲ್ಲಲ್ಲಿ ಕೈಯಿಟ್ಟೆ. ಐದು ನಿಮಿಷಕ್ಕೆ ಆಕೆ ಗೊರಕೆ ಹೊಡೆಯತೊಡಗಿದಳು. ಮುಕ್ಕಾಲು ತಾಸು ನಿದ್ದೆ ಮಾಡಿ ಎದ್ದಳು.

ಹೋಗುವಾಗ ಯಾವಾಗಲೂ ಹೇಳುವ ಮಾತನ್ನೇ ಹೇಳಿದೆ: ಚಿಕಿತ್ಸೆ ಮಾಡಿಸಿಕೊಂಡವರು ನಾಲ್ಕು ದಿನ ಕೊಡ ಎತ್ತಬಾರದು, ಬಗ್ಗಿ ಕಸ ಹೊಡೆಯಬಾರದು. ಯಜಮಾನರು ಇಕ್ಕಟ್ಟಿಗೆ ಸಿಕ್ಕರು. ಚಿಕಿತ್ಸೆ ಆದದ್ದು ಹೆಂಡತಿಯ ಮೈಗೆ. ತಾವೇ ಹಾಕಿಕೊಟ್ಟ ಲೆಕ್ಕ. ಮಕ್ಕಳು ಬೇರೆ ಊರಲ್ಲಿದ್ದರು. ಹೀಗಾಗಿ ಆರು ತಿಂಗಳಿಂದ ಕಟ್ಟೆ ಬಿಟ್ಟು ಏಳದ ಮನುಷ್ಯ ನೀರು ತಂದರು, ದನ ಬಿಟ್ಟರು, ಕಸ ಹೊಡೆದರು. ಕೂತು ಕೂತು ಗೂಟವಾಗಿದ್ದ ಬೆನ್ನು ಓಡಾಡಿ ಸಡಿಲವಾಯಿತು. ನಾನು ಮೇಜಿನ ಮೇಲೆ ಮಾಡಿಸಬೇಕೆಂದಿದ್ದ ಕಸರತ್ತನ್ನೆಲ್ಲ ಅವರು ವಾರ ವಾರವೂ ಮನೆಯಲ್ಲಿ ಮಾಡಿ ಮುಗಿಸುತ್ತಿದ್ದರು. ಅದನ್ನು ಅವರಿಗೆ ಬಿಡಿಸಿ ಹೇಳಲು ನನಗೆ ಮನಸ್ಸಾಗಲಿಲ್ಲ.

ನಾಲ್ಕನೇ ಮಂಗಳವಾರ ಬಡಿಗೆ ಇಲ್ಲದೆ ಬಂದು ಎದೆಯುಬ್ಬಿಸಿ ನಿಂತರು. "ನಾ ಹೇಳಿರಲಿಲ್ಲೇನ್ರಿ? ಪೂರಾ ಆರಾಮ ಆತು. ಮುಂದಿನ ವಾರದಿಂದ ಬರೂದಿಲ್ಲ."

ಮೇಜಿನ ಮೇಲೆ ಬೋರಲು ಮಲಗಿದ್ದ ಹೆಂಡತಿ ಕಣ್ಣು ತೆರೆಯದೆ ಹೇಳಿದಳು: "ಇಲ್ರಿ ಬಾಯಾರ, ಇವರಿಗೆ ಇನ್ನಾ ನೋವೈತಿ. ನನಗ ಗೊತ್ತಾಗಾಕತ್ತೈತಿ."

ಸಪ್ಪಳ

ಕೀಲು ಸಡಿಲವಾಗುವಾಗ ಒಮ್ಮೊಮ್ಮೆ ಲಟಕ್ ಎಂದು ಸಪ್ಪಳ ಬರುತ್ತದೆ. ಬರಲೇಬೇಕೆಂದೇನೂ ಇಲ್ಲ. ಆದರೆ ಮಂದಿಯ ಪಾಲಿಗೆ ಸಪ್ಪಳವೇ ಚಿಕಿತ್ಸೆ. ಬಾಗೇವಾಡಿಯಲ್ಲಿ ಹೊರಗಿನ ಬೆಂಚಿನ ಮೇಲೆ ಕೂತವರು ಒಳಗಿನ ಸಪ್ಪಳ ಎಣಿಸುತ್ತಿದ್ದರು. "ಇವಂದು ಎರಡ ಬಂತು. ಹ್ವಾದ ವಾರ ನಮ್ಮಕ್ಕಂದು ಆರ ಬಂದಿದ್ದು."

ಒಬ್ಬ ಹತ್ತಿ ವ್ಯಾಪಾರಿ ಕುತ್ತಿಗೆ ನೋವಿಗೆ ಬಂದರು. ಅವರಿಗೆ ಬಿ.ಪಿ. ಇತ್ತು, ವಯಸ್ಸೂ ಆಗಿತ್ತು. ಅಂಥವರಿಗೆ ಜೋರು ಮಾಡುವಂತಿಲ್ಲ. ತಲೆಯ ಕೆಳಗೆ ಎರಡೂ ಅಂಗೈ ಇಟ್ಟು ಹಗುರವಾಗಿ ಹಿಡಿದು, ಸ್ನಾಯು ತಾನಾಗಿ ಬಿಡುವವರೆಗೆ ಸುಮ್ಮನೆ ಕಾಯುವುದಷ್ಟೇ ಕೆಲಸ.

ಸ್ವಲ್ಪ ಹೊತ್ತಾದ ಮೇಲೆ ಅವರು ಕೇಳಿದರು: "ಬಾಯಾರ, ಯಾವಾಗ ಶುರು ಮಾಡ್ತೀರಿ?"

"ಶುರು ಮಾಡಿ ಇಪ್ಪತ್ತು ನಿಮಿಷ ಆತ್ರಿ."

"ಸಪ್ಪಳ ಬರಲಿಲ್ಲ?"

"ನಿಮಗೆ ಸಪ್ಪಳ ಬ್ಯಾಡ್ರಿ."

"ಹಂಗ್ಯಾಕ? ನಮ್ಮ ಅಳಿಯ ಸೊಲ್ಲಾಪುರಕ್ಕ ಹೋಗಿದ್ದ. ಅವಗ ಹನ್ನೊಂದು ಸಪ್ಪಳ ಮಾಡಿ ಕಳಿಸ್ಯಾರ. ನಾ ಏನ ಅವನಕಿಂತ ಕಡಿಮಿನ?"

ನಾನು ಉತ್ತರ ಕೊಡುವ ಮೊದಲೇ ಹೊರಗಿನ ಬೆಂಚಿನ ಕಾಲು ಮುರಿಯಿತು. ಐದು ಮಂದಿ ಕೂತಿದ್ದ ಹಳೇ ಬೆಂಚು. ಲಟಕ್ ಎಂದದ್ದು ಎದುರಿನ ಚಹಾದಂಗಡಿಗೂ ಕೇಳಿತಂತೆ.

"ಹಾಂ, ಬಂತು," ಎಂದರು ವ್ಯಾಪಾರಿ. ಎದ್ದು ಕೂತರು. ತಲೆಯನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು, ಮೇಲೆ ಫ್ಯಾನು ನೋಡಿದರು. "ಖರೇನ ಹಗೂರಾತು ನೋಡ್ರಿ."

ಹೊರಗೆ ಐದು ಮಂದಿ ನೆಲದ ಮೇಲೆ ಕೂತು ನೋಡುತ್ತಿದ್ದಂತೆ ಅವರು ಹುಡುಗರ ಹಾಗೆ ಮೆಟ್ಟಿಲಿಳಿದು ಹೋದರು. ನಾನು ನಿಜ ಹೇಳಲಿಲ್ಲ. ಹೇಳಿದ್ದರೆ ಮತ್ತೆ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು.

ಮುಂದಿನ ಶನಿವಾರ ಅವರ ಹೆಂಡತಿ ಬಂದರು. ಮಲಗಿ, ತಲೆಯನ್ನು ನನ್ನ ಕೈಗೆ ಕೊಟ್ಟು, "ನಮ್ಮನಿಯವರಿಗೆ ಮಾಡಿದ್ರೆಲ್ಲ, ಅಂಥಾದ್ದ ದೊಡ್ಡ ಸಪ್ಪಳ ನನಗೂ ಬೇಕ್ರಿ," ಎಂದರು.

ಹೊಸ ಬೆಂಚು ಸಾಗವಾನಿಯದು.

ಫೋಟೋ

ಕೆಲವರನ್ನು ಮುಟ್ಟುವ ಮೊದಲು ಎಕ್ಸ್-ರೇ ನೋಡಲೇಬೇಕಾಗುತ್ತದೆ. ನಮ್ಮ ಕಡೆ ಎಕ್ಸ್-ರೇಗೆ ಫೋಟೋ ಎನ್ನುವುದೇ ರೂಢಿ. ತಾಳಿಕೋಟೆಯಿಂದ ಒಬ್ಬ ದರ್ಜಿ ಚಾಚಾ ಮುದ್ದೇಬಿಹಾಳದ ಖೋಲಿಗೆ ಬಂದಿದ್ದರು. ಮಷಿನ್ ತುಳಿದು ತುಳಿದು ಬೆನ್ನು ಬಾಗಿತ್ತು. ಕಾಲಿಗೆ ಜೋಮು ಬೇರೆ ಹಿಡಿಯುತ್ತಿತ್ತು. ನಾನು ಹೇಳಿದೆ: "ಚಾಚಾ, ಮೊದಲು ಬೆನ್ನಿನ ಒಂದು ಫೋಟೋ ತಗಸಿಕೊಂಡು ಬರ್ರಿ. ಅದನ್ನ ನೋಡದ ನಾ ಕೈ ಹಚ್ಚೂದಿಲ್ಲ."

ಮುಂದಿನ ಗುರುವಾರ ಬಂದರು. ಮೈಮೇಲೆ ಹೊಸ ಅಂಗಿ, ಕೈಯಲ್ಲಿ ಉದ್ದನೆಯ ಲಕೋಟೆ. ತೆರೆದೆ.

ಬಣ್ಣದ ಫೋಟೋ. ಹಿಂದಿನ ಪರದೆಯಲ್ಲಿ ಜಲಪಾತ, ಎರಡು ಹಂಸ. ಪಕ್ಕದಲ್ಲಿ ಸ್ಟುಡಿಯೋದ ಸುಣ್ಣದ ಕಂಬ. ಕಂಬದ ಮೇಲೆ ಒಂದು ಕೈ ಊರಿ, ಅಂಗಿ ಬಿಚ್ಚಿ, ಕ್ಯಾಮೆರಾಕ್ಕೆ ಬೆನ್ನು ಹಾಕಿ ಚಾಚಾ ನಿಂತಿದ್ದರು. ಬೆನ್ನಿಗೆ ಪೌಡರ್ ಹಚ್ಚಿದ್ದು ಕಾಣುತ್ತಿತ್ತು.

ನಾನು ಗೋಡೆಯ ಕಡೆ ತಿರುಗಿ ಕೆಮ್ಮಿದೆ.

"ಸ್ಟುಡಿಯೋದಾಂವ ಈಕಡೆ ಹೊಳ್ಳಿ ನಿಂದರ್ರಿ ಅಂತ ಬಾಳ ಹೇಳಿದ," ಎಂದರು ಚಾಚಾ. "ನಾ ಒಲ್ಲೆ ಅಂದೆ. ಬಾಯಾರು ಬೆನ್ನಿಂದ ಬೇಕಂದಾರ, ಮಾರಿ ತೊಗೊಂಡು ಅವರೇನ ಮಾಡ್ಯಾರು ಅಂದೆ. ಎಲುಬು ಹೆಂಗ ಅದಾವ್ರಿ?"

ಮುದುಕ ಮನುಷ್ಯ. ಅಂಗಡಿ ಮುಚ್ಚಿ, ಎರಡು ಬಸ್ಸಿನ ದಾರಿ ಬಂದಿದ್ದಾರೆ. ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನೋಡುತ್ತಾ ನೋಡುತ್ತಾ ನಿಜವಾಗಿಯೂ ಒಂದು ಸಂಗತಿ ಕಂಡಿತು: ಎಡ ಹೆಗಲು ಬಲಕ್ಕಿಂತ ಎರಡು ಬೆರಳು ಮೇಲಿದೆ, ಸೊಂಟ ಒಂದು ಕಡೆ ವಾಲಿದೆ. ನಾವು ಪೇಶಂಟನ್ನು ನಿಲ್ಲಿಸಿ ಹಿಂದಿನಿಂದ ನೋಡುವುದೂ ಇದನ್ನೇ. ಅದನ್ನು ಅವರಿಗೆ ತೋರಿಸಿದೆ. ಆಮೇಲೆ ನಾನೇ ಜೊತೆಗೆ ಹೋಗಿ ಎಕ್ಸ್-ರೇಯನ್ನೂ ತೆಗೆಸಿದೆ.

ಎರಡು ತಿಂಗಳಲ್ಲಿ ಚಾಚಾನ ಕಾಲಿನ ಜೋಮು ಹೋಯಿತು. ಕೊನೆಯ ದಿನ ಆ ಬಣ್ಣದ ಫೋಟೋವನ್ನು ವಾಪಸ್ ಕೊಡಲು ಹೋದೆ. ಅವರು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಎಲ್ಲಾ ಚಲೋ ಬಂದೈತ್ರಿ ಬಾಯಾರ. ಒಂದ ಕೊರತಿ. ಸ್ಟುಡಿಯೋದಾಂವ ನಗ್ರಿ ಅಂದ, ನಾ ನಕ್ಕೆ. ಅದೊಂದು ಇದ್ರಾಗ ಬಂದಿಲ್ಲ."

ಬಾಸಿಂಗ

ಇಂಡಿಯ ಒಬ್ಬ ಪೇಶಂಟ್ ತಮ್ಮ ಮಗನ ಮದುವೆಗೆ ನನ್ನನ್ನು ಕರೆದಿದ್ದರು. ಮದುವೆ ಹೆಣ್ಣಿನ ಊರಾದ ತಂಗಡಗಿಯಲ್ಲಿ. ಮುದ್ದೇಬಿಹಾಳದಿಂದ ಹತ್ತಿರವೇ, ಉಂಡು ಬಂದರಾಯಿತು ಎಂದು ಹೋದೆ. ಹಂದರದ ಬಾಗಿಲಲ್ಲೇ ಹುಡುಗನ ಅಪ್ಪ ನನ್ನ ರಟ್ಟೆ ಹಿಡಿದು ಮೂಲೆಗೆ ಎಳೆದುಕೊಂಡು ಹೋದರು.

"ಬಾಯಾರ, ದೇವರ ಕಳಿಸಿದಂಗ ಬಂದ್ರಿ. ಹುಡುಗನ ಕುತ್ತಿಗಿ ಹಿಡದೈತಿ."

ಟೆಂಪೋದಲ್ಲಿ ಬರುವಾಗ ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡಿದ್ದನಂತೆ. ಎದ್ದಾಗ ಮುಖ ಎಡಕ್ಕೆ ತಿರುಗಿದ್ದು ಅಲ್ಲೇ ನಿಂತಿತ್ತು. ಹಂದರದಲ್ಲಿ ಕೂರಿಸಿದ ಮೇಲೆ ಇನ್ನೊಂದು ಪೇಚು. ಎಡಗಡೆ ಅಡಿಗೆಯ ಒಲೆ. ಅಲ್ಲಿ ಬುಂದೆ ಕರಿಯುತ್ತಿದ್ದರು. ಹುಡುಗಿ ಬಂದು ಕೂರುವುದು ಬಲಗಡೆ.

"ಹುಡುಗೀ ಸೋದರಮಾವ ಒಬ್ಬ ಅದಾನ್ರಿ," ಎಂದರು ಹುಡುಗನ ಅಪ್ಪ, ಬೆವರು ಒರೆಸಿಕೊಳ್ಳುತ್ತಾ. "ನಿಮ್ಮ ಹುಡುಗ ಬಂದಾಗಿಂದ ಬುಂದೆ ಬಿಟ್ಟು ಮತ್ತೇನೂ ನೋಡವಲ್ಲ, ನಮ್ಮ ಹುಡುಗೀ ಮ್ಯಾಲ ಮನಸಿಲ್ಲ, ಇಂಥಾ ಮದಿವಿ ನಮಗ ಬ್ಯಾಡ ಅಂತ ಹಾರಾಡಾಕತ್ತಾನ. ಕುತ್ತಿಗಿ ಹಿಡದೈತಿ ಅಂದ್ರ ಹುಡುಗಗ ಐಬೈತಿ ಅಂತಾರ. ಯಾರಿಗೂ ಗೊತ್ತಾಗಲಾರದಂಗ ಸರಿ ಮಾಡ್ರಿ."

ನಾನು ದಾರಿ ಯೋಚಿಸುತ್ತಿರುವಾಗ ಹುಡುಗಿಯ ತಾಯಿ ಬಂದು ಇನ್ನೊಂದು ರಟ್ಟೆ ಹಿಡಿದರು. ಮುದ್ದೇಬಿಹಾಳದಲ್ಲಿ ನನ್ನನ್ನು ನೋಡಿದ್ದರಂತೆ. ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಹುಡುಗಿ ಸೀರೆಯುಟ್ಟು ಕಂಬದಂತೆ ನಿಂತಿದ್ದಳು. ಅರಿಶಿಣದ ನೀರು ಹಾಕುವಾಗ ಕಾಲು ಜಾರಿ ಸೊಂಟ ಹಿಡಿದಿತ್ತು. ಬಗ್ಗಲು ಬರುತ್ತಿರಲಿಲ್ಲ. ಹಿರಿಯರ ಕಾಲಿಗೆ ಬೀಳು ಎಂದರೆ ನಿಂತಲ್ಲೇ ನಿಂತಿದ್ದಳು. ಗಂಡಿನ ಕಡೆಯ ಹೆಂಗಸರು, ಹುಡುಗಿಗೆ ಬಾಳ ಸೊಕ್ಕು, ಟೊಂಕ ಬಗ್ಗಸವಲ್ಲಳು ಎಂದು ಮಾತಾಡಿಕೊಳ್ಳುತ್ತಿದ್ದರು.

"ಗಂಡಿನವರಿಗೆ ಮಾತ್ರ ಗೊತ್ತಾಗಬಾರದ್ರಿ," ಎಂದರು ತಾಯಿ.

ನಾನು ಇಬ್ಬರಿಗೂ ಆಣೆ ಕೊಟ್ಟೆ.

ಹುಡುಗಿಯದು ಸುಲಭವಾಯಿತು. ಬಾಗಿಲು ಹಾಕಿದ ಖೋಲಿ, ಕೆಳಗೆ ಜಮಖಾನೆ. ಹತ್ತು ನಿಮಿಷದಲ್ಲಿ ಸೊಂಟ ಬಿಟ್ಟಿತು. ಹುಡುಗ ಇದ್ದದ್ದು ಮಾತ್ರ ಎಲ್ಲರ ಕಣ್ಣೆದುರಿಗೆ, ಹಂದರದ ನಡುವೆ. ಅವನ ಹಣೆಗೆ ಬಾಸಿಂಗ ಕಟ್ಟುವುದು ಇನ್ನೂ ಬಾಕಿಯಿತ್ತು. ಅದನ್ನು ನಾನೇ ಕಟ್ಟುತ್ತೇನೆ ಎಂದೆ. ಹುಡುಗನ ಅಪ್ಪ, "ಇವರು ನಮ್ಮ ಹುಡುಗನ ಸೋದರತ್ತಿರಿ, ಬಾಸಿಂಗ ಇವರ ಕಟ್ಟಬೇಕು," ಎಂದು ಸಾರಿಬಿಟ್ಟರು. ಒಂದು ನಿಮಿಷದ ಹಿಂದೆಯಷ್ಟೇ ಹುಡುಗಿಯ ತಾಯಿ ತಮ್ಮ ಕಡೆಯವರಿಗೆ ನನ್ನನ್ನು ದೂರದ ಅಕ್ಕ ಎಂದು ಪರಿಚಯಿಸಿದ್ದರು. ಸಂಬಂಧ ಯಾರೂ ಕೂಡಿಸಿ ನೋಡಲಿಲ್ಲ.

ಹುಡುಗನ ಹಿಂದೆ ಮಂಡಿಯೂರಿ ಕೂತೆ. ಬಾಸಿಂಗದ ದಾರ ಹಲ್ಲಿನಲ್ಲಿ, ಎರಡೂ ಕೈ ಅವನ ಕುತ್ತಿಗೆಯ ಮೇಲೆ. "ಹೆದರಬ್ಯಾಡಪಾ," ಎಂದು ಕಿವಿಯಲ್ಲಿ ಹೇಳಿದೆ. ಇಂಥ ಕುತ್ತಿಗೆಗೆ ಒಂದು ಉಪಾಯವಿದೆ. ಹಿಡಿದ ಕಡೆಗೇ ಮೆಲ್ಲಗೆ ತಿರುಗಲು ಹೇಳಬೇಕು, ನಾವು ಕೈಯಿಂದ ತಡೆಯಬೇಕು, ಆಮೇಲೆ ಪೂರ್ತಿ ಸಡಿಲ ಬಿಡಿಸಬೇಕು. ನಾಲ್ಕೈದು ಸಲ ಮಾಡಿದರೆ ಬಿಡುತ್ತದೆ.

"ಬುಂದೆ ಕಡೆ ನೋಡು," ಎಂದೆ. ಹಲ್ಲಿನಲ್ಲಿ ದಾರ ಇದ್ದದ್ದರಿಂದ ಮಾತು ಸ್ವಲ್ಪ ಜೋರಾಗಿ ಬಂತು.

ಸೋದರಮಾವ ಎದ್ದು ನಿಂತ. "ಕೇಳಿದ್ರಿಲ್ಲೋ? ಸೋದರತ್ತಿನ ಹೇಳಿಕೊಡಾಕತ್ತಾಳ."

"ಹಾಂ, ಈಗ ಬಿಡು. ಮತ್ತ ಬುಂದೆ ಕಡೆ ನೋಡು."

"ಒಂದು ಬಾಸಿಂಗ ಕಟ್ಟಾಕ ಎಷ್ಟೊತ್ತ ಬೇಕ್ರಿ ಇವರಿಗೆ?" ಎಂದಳು ಯಾರೋ ಮುದುಕಿ.

ಸೋದರಮಾವ ಹೆಗಲ ಮೇಲೆ ವಲ್ಲಿ ವಸ್ತ್ರ ಹಾಕಿಕೊಂಡು, ಹುಡುಗಿಯನ್ನು ತನ್ನ ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಒಳಗೆ ನುಗ್ಗುವವನಿದ್ದ. ಅಷ್ಟರಲ್ಲಿ ಅವಳೇ ಹೊರಗೆ ಬಂದಳು. ಬಂದವಳು ನೇರವಾಗಿ ಅತ್ತೆಯಾಗುವವರ ಮುಂದೆ ಹೋಗಿ, ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿದಳು. ಗಂಡಿನ ಕಡೆಯ ಹೆಂಗಸರು ಬಾಯಿ ಮುಚ್ಚಿದರು. ನನ್ನ ಬೆರಳಿನ ಕೆಳಗೆ ಹುಡುಗನ ಕುತ್ತಿಗೆಯೂ ಆ ಕ್ಷಣಕ್ಕೇ ಮೆತ್ತಗಾಗಿ ಬಿಟ್ಟಿತು. ನಾನು ಮೆಲ್ಲಗೆ ಮುಖವನ್ನು ಬಲಕ್ಕೆ ತಿರುಗಿಸಿದೆ. ಎದುರಿಗೆ ಹುಡುಗಿ. ಬೆಳಗಿನಿಂದ ತಡೆದುಕೊಂಡಿದ್ದ ನೋವು ಒಮ್ಮೆಲೇ ಹೋದ ಸುಖಕ್ಕೆ, "ಹಾಂ," ಎಂದು ಉಸಿರು ಬಿಟ್ಟ. ಎರಡೂ ಕಣ್ಣಲ್ಲಿ ನೀರು ಇಳಿಯಿತು.

ಸೋದರಮಾವನ ವಲ್ಲಿ ಹೆಗಲಿನಿಂದ ಕಣ್ಣಿಗೆ ಬಂತು. "ನಾ ತಪ್ಪ ತಿಳಿದಿದ್ನಿ," ಎಂದು ಪಕ್ಕದವನಿಗೆ ಹೇಳಿದ. "ಹುಡುಗೀ ಮಾರಿ ನೋಡಿ ಅಳಾಕತ್ತಾನ. ಇಂಥಾ ಅಳಿಯ ಎಲ್ಲಿ ಸಿಗತಾನ?"

ಅಕ್ಕಿಕಾಳು ಬಿದ್ದವು. ಮದುವೆ ಸಾಂಗವಾಯಿತು. ನನಗೆ ಎರಡೂ ಕಡೆಯಿಂದ ಒಂದೊಂದು ಸೀರೆಯ ಆಹೇರಿ ಉಡುಗೊರೆ ಬಂತು. ಹುಡುಗನ ಅಪ್ಪನೂ ಹುಡುಗಿಯ ತಾಯಿಯೂ ಬೇರೆ ಬೇರೆಯಾಗಿ ಬಂದು, ಅವರಿಗೆ ಏನೂ ಗೊತ್ತಾಗಲಿಲ್ಲ ನೋಡ್ರಿ ಎಂದು ಹೇಳಿ ಹೋದರು.

ನಾಲ್ಕು ತಿಂಗಳಾದ ಮೇಲೆ ಒಂದು ಗುರುವಾರ ಆ ಸೋದರಮಾವ ಮುದ್ದೇಬಿಹಾಳದ ಖೋಲಿಗೆ ಬಂದ. ಕೈಯಲ್ಲಿ ಲಗ್ನಪತ್ರಿಕೆ, ಎಲೆ ಅಡಿಕೆ, ಒಂದು ಹೊಸ ಬಾಸಿಂಗ.

"ಅಕ್ಕಾರ, ನನ್ನ ಮಗನ ಲಗ್ನ. ಬಾಸಿಂಗ ನೀವ ಬಂದು ಕಟ್ಟಬೇಕು."

ಗುಟ್ಟು ಬಯಲಾಗಿದೆ ಎಂದುಕೊಂಡು ನಾನು ದನಿ ತಗ್ಗಿಸಿ ಕೇಳಿದೆ: "ಹುಡುಗನ ಕುತ್ತಿಗಿ ಯಾವಾಗಿಂದ ಹಿಡದೈತ್ರಿ?"

ಅವನು ಗಾಬರಿಯಾಗಿ ನನ್ನನ್ನು ನೋಡಿದ. "ಕುತ್ತಿಗಿ ಚಲೋ ಐತ್ರಿ. ಅಂವ ಆ ಹುಡುಗೀನ ಒಲ್ಲೆ ಅನ್ನಾಕತ್ತಾನ. ನೀವು ಒಮ್ಮೆ ಬಾಸಿಂಗ ಕಟ್ಟಿ, ಮಾರಿ ಈಕಡೆ ಹೊಳ್ಳಿಸಿ ಕೊಟ್ಟುಬಿಡ್ರಿ."